ಕೊನೆಯ ಲಾಂಚಿಗೆ ಮುಂಚೆ

ಸಾಗರದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಹೊಳೆಬಾಗಿಲು ಸಿಗುತ್ತದೆ. ಅಲ್ಲಿ ಶರಾವತಿಯ ಹಿನ್ನೀರು ಶುರುವಾಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ ಮೇಲೆ ಕಣಿವೆಯ ಗದ್ದೆ, ತೋಟ, ಊರುಗಳು ಮುಳುಗಿದವು. ಆಚೆ ದಡದ ತುಮರಿ ಸೀಮೆ ಬೇರೆಯಾಗಿ ಉಳಿಯಿತು. 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಲಾಂಚೇ ನಮ್ಮ ದಾರಿ. ಕಾರು, ಬೈಕು, ತರಕಾರಿ ಚೀಲ, ಸಿಗಂದೂರಿನ ಭಕ್ತರು, ಅವರ ನಡುವೆ ಉತ್ತರಪತ್ರಿಕೆಯ ಕಟ್ಟು ಹಿಡಿದ ನಾನು!

ಕಳಸವಳ್ಳಿಯ ದಡದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು, ಆಮೇಲೆ ಗೇರುಮರಗಳ ನಡುವೆ ನಡೆದರೆ ನಮ್ಮ ಶಾಲೆ. ಒಂದರಿಂದ ಐದನೇ ತರಗತಿ, 17 ಮಕ್ಕಳು, ಇಬ್ಬರು ಶಿಕ್ಷಕಿಯರು. ನಲಿಕಲಿಯ ಪುಟಾಣಿಗಳು ಸಹೋದ್ಯೋಗಿಗೆ, ನಾಲ್ಕು ಮತ್ತು ಐದು ನನಗೆ.

ನಾನು ಹೇಳುತ್ತಿರುವುದು ಸೇತುವೆಗೆ ಮುಂಚಿನ ಕೊನೆಯ ಬೇಸಿಗೆಯ ಮಾತು. ನೀರು ದಿನದಿನಕ್ಕೂ ಇಳಿಯುತ್ತಿತ್ತು. ಲಾಂಚಿನಿಂದ ಇಳಿದು ಕೆಂಪು ಮಣ್ಣಿನ ಏರು ಹತ್ತುವುದು ದಿನಕ್ಕಿಷ್ಟು ಹೆಚ್ಚುತ್ತಿತ್ತು. ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಕರೀ ಬೊಡ್ಡೆಗಳು ನೀರಿನಿಂದ ತಲೆ ಎತ್ತುತ್ತಿದ್ದವು.

ಶಾಲೆಯಲ್ಲಿ ಕೆಲಸ ಮಾತ್ರ ಇಳಿಯುತ್ತಿರಲಿಲ್ಲ. ಯುಗಾದಿ ಮುಗಿದರೆ ಸಾಕು, ಉಸಿರಾಡಲು ಪುರುಸೊತ್ತಿಲ್ಲ. ಪರೀಕ್ಷೆ, ಮೌಲ್ಯಮಾಪನ, ಪ್ರಗತಿಪತ್ರ, ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕ. ಗ್ರಂಥಾಲಯದ ಪುಸ್ತಕ ಎಣಿಸಿದರೆ ಎರಡು ಕಡಿಮೆ. ಒಂದು ಯಾರದೋ ಮನೆಯ ಅಟ್ಟದ ಮೇಲಿತ್ತು, ಇನ್ನೊಂದನ್ನು ಕರು ಅರ್ಧ ತಿಂದಿತ್ತು! ಮಕ್ಕಳ ಮನಸ್ಸೋ ಆಗಲೇ ರಜೆಗೆ ಹಾರಿತ್ತು. ಉತ್ತರಪತ್ರಿಕೆಯ ಮೇಲೆಲ್ಲ ಗೇರುಹಣ್ಣಿನ ಕಲೆ.

ಮನೆಗೆ ಹೋದರೆ ಅಡುಗೆ, ಮಕ್ಕಳು. ಹಾಗಾಗಿ ನಾನು ಲಾಂಚಿನಲ್ಲೇ ಕುಳಿತು ಪತ್ರಿಕೆ ತಿದ್ದುತ್ತಿದ್ದೆ. ಗಾಳಿಗೆ ಹಾರದಂತೆ ಊಟದ ಡಬ್ಬಿ ಮೇಲಿಟ್ಟುಕೊಳ್ಳುವುದು. ಒಂದು ಸಂಜೆ ಐದನೇ ತರಗತಿಯ ಹುಡುಗಿಯೊಬ್ಬಳ ಕನ್ನಡ ಪತ್ರಿಕೆ ಕೈಗೆ ಬಂತು. 'ರಜೆಯಲ್ಲಿ ಏನು ಮಾಡುವೆ?' ಎಂಬ ಪ್ರಶ್ನೆಗೆ ದುಂಡಗೆ ಬರೆದಿದ್ದಳು: 'ನನಗೆ ಇನ್ನು ಯಾವಾಗಲೂ ರಜೆ. ನಾನು ಅಜ್ಜಿಯನ್ನು ನೋಡಿಕೊಳ್ಳುತ್ತೇನೆ.' ಕಾಗುಣಿತ ಒಂದೂ ತಪ್ಪಿರಲಿಲ್ಲ. ಪೂರ್ತಿ ಅಂಕ ಕೊಟ್ಟೆ. ಕೆಂಪು ಪೆನ್ನು ಮುಚ್ಚಿಟ್ಟ ಮೇಲೆ ಬೇರೆ ಪತ್ರಿಕೆ ತೆಗೆಯಲು ಮನಸ್ಸಾಗಲಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಅವಳ ಜೊತೆಯೇ ಅವಳ ಮನೆಗೆ ಹೋದೆ. ಅಪ್ಪ, ಅಮ್ಮ ತೋಟದ ಕೆಲಸಕ್ಕೆ ಹೋಗಿದ್ದರು. ಒಳಗೆ ಅಜ್ಜಿ ಮಲಗಿದ್ದರು. ಜಗಲಿಯಲ್ಲಿ ಅಜ್ಜ.

"ಬನ್ನಿ ಅಕ್ಕೋರೇ, ಕೂತ್ಕಳಿ. ಆಸರಿಗೆ ಏನು ಕೊಡ್ಲಿ?" ಎಂದು ಮುರುಗಲು ಪಾನಕ ತರಿಸಿದರು. ವಿಷಯ ತೆಗೆದೆ.

"ಆರನೇ ಕ್ಲಾಸು ನಾಲ್ಕು ಕಿಲೋಮೀಟರು ದೂರ. ಕಾಡುದಾರಿ. ಮಳೆಗಾಲದಲ್ಲಿ ಹಳ್ಳ ತುಂಬ್ತದೆ. ಅಜ್ಜಿ ಬಿದ್ದು ಸೊಂಟ ನೋವು ಮಾಡ್ಕಂಡಿದಾಳೆ. ಏನು ಮಾಡೋದು ಹೇಳಿ?"

14 ವರ್ಷದವರೆಗೆ ಓದಿಸಬೇಕೆಂದು ಕಾನೂನಿದೆ ಎಂದೆ. ಅಜ್ಜ ತಲೆಯಾಡಿಸಿದರು. ಕಾನೂನು ಬಂದು ಮಗುವನ್ನು ಹಳ್ಳ ದಾಟಿಸುವುದಿಲ್ಲವಲ್ಲ. ಮಾತು ಬದಲಿಸಲು, "ನೀವು ಎಷ್ಟನೇ ಕ್ಲಾಸಿನವರೆಗೆ ಓದಿದ್ದೀರಿ?" ಎಂದು ಕೇಳಿದೆ.

ಅಜ್ಜ ನೀರಿನ ಕಡೆ ಕೈ ತೋರಿಸಿದರು. "ಮೂರು. ಶಾಲೆ ಅಲ್ಲಿತ್ತು, ಆ ಬೊಡ್ಡೆಗಳಿಂದ ಆಚೆ. ಆ ವರ್ಷ ಮನೆ ಬಿಚ್ಚಿ, ಹಂಚು, ಮರ ಎಲ್ಲಾ ಗಾಡಿ ಮೇಲೆ ಹಾಕಿ ಈ ಗುಡ್ಡಕ್ಕೆ ಬಂದ್ವಿ. ಇಲ್ಲಿಗೆ ಶಾಲೆ ಬರೋ ಹೊತ್ತಿಗೆ ನಾನು ಗದ್ದೆ ಹೂಡ್ತಾ ಇದ್ದೆ."

ಆಮೇಲೆ ಇಬ್ಬರೂ ಸುಮ್ಮನಾದೆವು. ಬಿಸಿಲು ಬಾಗಿತ್ತು. ಕೊನೆಯ ಲಾಂಚು ತಪ್ಪಿದರೆ ರಾತ್ರಿ ಈಚೆಯೇ. ಉತ್ತರ ಸಿಗದೆ ಎದ್ದು ಓಡಿದೆ.

ಮರುವಾರ ಪ್ರಗತಿಪತ್ರದ ನಡುವೆಯೇ ವಿಚಾರಿಸಿದೆ. ಪಕ್ಕದ ಕೇರಿಯಿಂದ ಮೂರು ಮಕ್ಕಳು ಅದೇ ಶಾಲೆಗೆ ಹೋಗುತ್ತಿದ್ದರು. ಅವರ ತಾಯಿ, "ನಮ್ಮ ಮಕ್ಕಳ ಜೊತೆ ಬರಲಿ ಬಿಡಿ ಅಕ್ಕೋರೇ. ಹಳ್ಳದ ಸಂಕದವರೆಗೆ ಯಾರಾದರೂ ತಂದು ಬಿಟ್ಟರೆ ಸಾಕು" ಎಂದರು. ಹುಡುಗಿಯ ಕೈಲಿ ಈ ಮಾತು ಮನೆಗೆ ಹೇಳಿ ಕಳಿಸಿದೆ.

ಏಪ್ರಿಲ್ ಎರಡನೇ ವಾರ ಫಲಿತಾಂಶದ ದಿನ. ಪಾಲಕರು ಬಂದು ಬೆಂಚಿನ ಮೇಲೆ ಕುಳಿತಿದ್ದರು. ಬಿಳಿ ಅಂಗಿ ತೊಟ್ಟ ಅಜ್ಜ ಕೊನೆಗೆ ಬಂದರು. "ವರ್ಗಾವಣೆ ಪತ್ರಕ್ಕೆ ಎಲ್ಲಿ ರುಜು ಹಾಕ್ಬೇಕು? ಸಂಕದವರೆಗೆ ನಾನೇ ಬಿಟ್ಟು ಬರ್ತೇನೆ. ಅಜ್ಜಿಗೆ ಗಂಜಿ ಬೇಯಿಸೋಕೆ ನಂಗೂ ಬರ್ತದೆ."

ನಾನು ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿ ತೆರೆದಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದರು. ಒಂದೊಂದೇ ಅಕ್ಷರ ಕೂರಿಸಿ ತಮ್ಮ ಹೆಸರು ಬರೆದರು. ನನ್ನ ಮುಖಕ್ಕೆ ಬಿಸಿ ಏರಿತು. ಮೊಮ್ಮಗಳು ಬೆರಗಾಗಿ ನೋಡುತ್ತಿದ್ದಳು. ಅಜ್ಜನಿಗೆ ಬರೆಯಲು ಬರುತ್ತದೆಂದು ಅವಳಿಗೂ ಗೊತ್ತಿರಲಿಲ್ಲ.

ಮೇ ಕೊನೆಗೆ ಶಾಲೆಗಳು ತೆರೆದವು. ಅವಳು ಆರನೇ ತರಗತಿಗೆ ಸೇರಿದಳು. ಜುಲೈನಲ್ಲಿ ಸೇತುವೆಯೂ ತೆರೆಯಿತು. ಈಗ ಬಸ್ಸು ಕೆಲವೇ ನಿಮಿಷದಲ್ಲಿ ಹಿನ್ನೀರು ದಾಟುತ್ತದೆ, ಕೊನೆಯ ಲಾಂಚಿನ ಭಯವಿಲ್ಲ. ಪತ್ರಿಕೆ ತಿದ್ದಲು ಮಾತ್ರ ಬೇರೆ ಹೊತ್ತು ಹುಡುಕಬೇಕು! ಮಳೆ ಜೋರಾದ ದಿನಗಳಲ್ಲಿ ಸಂಕದ ಹತ್ತಿರ ಕೊಡೆ ಹಿಡಿದ ಅಜ್ಜ, ಪಕ್ಕದಲ್ಲಿ ಚೀಲ ಹೊತ್ತ ಹುಡುಗಿ ನಿಂತಿರುತ್ತಾರೆಂದು ನಮ್ಮ ಶಾಲೆಯ ಮಕ್ಕಳು ಹೇಳುತ್ತಾರೆ.

ಮಕ್ಕಳೇ, ಈ ಬೇಸಿಗೆ ರಜೆಯಲ್ಲಿ ನಿಮ್ಮ ಅಜ್ಜ ಅಜ್ಜಿಯರನ್ನು ಒಂದು ಮಾತು ಕೇಳಿ: ಅವರ ಶಾಲೆ ಎಲ್ಲಿತ್ತು? ಎಷ್ಟನೇ ತರಗತಿವರೆಗೆ ಓದಿದರು? ಆಮೇಲೆ ಅವರ ಕೈಗೊಂದು ಪೆನ್ನು ಕೊಡಿ.