ಕಟ್ಟಿದ ದ್ವೀಪ, ಹುಟ್ಟಿದ ದ್ವೀಪ

ದ್ವೀಪವೆಂದರೆ ಯಾರ ಮನಸ್ಸಿನಲ್ಲಿ ತಾನೆ ಆಸೆ ಹುಟ್ಟದು? ದಿನವಿಡೀ ಕಡತಗಳ ನಡುವೆ ಕುಳಿತ ಗುಮಾಸ್ತನಿಗೂ, ಬೆಳಗಿನ ಒಲೆ ಆರುವ ಮೊದಲೇ ಸಂಜೆಯ ಅಡುಗೆಯನ್ನು ಚಿಂತಿಸಬೇಕಾದ ಗೃಹಿಣಿಗೂ, ಪರೀಕ್ಷೆಯ ಭಯದಲ್ಲಿರುವ ವಿದ್ಯಾರ್ಥಿಗೂ ಒಮ್ಮೊಮ್ಮೆ ಕಣ್ಣ ಮುಂದೆ ಅದೇ ಚಿತ್ರ ತೇಲಿ ಬರುತ್ತದೆ: ಬಾಗಿದ ತೆಂಗಿನ ಮರ, ಬಿಳಿಯ ಮರಳು, ನೀಲಿಯ ನೀರು, ಮಾಡಲು ಯಾವ ಕೆಲಸವೂ ಇಲ್ಲದ ಒಂದು ಮಧ್ಯಾಹ್ನ. ಆ ದ್ವೀಪಕ್ಕೆ ಹೆಸರಿಲ್ಲ. ಭೂಪಟದಲ್ಲಿ ಅದು ಎಲ್ಲಿದೆಯೆಂದು ಯಾರೂ ಕೇಳುವುದಿಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಬೆಟ್ಟಕ್ಕೆ ಸಲ್ಲುವಂತೆ ದ್ವೀಪಕ್ಕೂ ಸಲ್ಲುತ್ತದೆ.

ಅಮೆರಿಕದವರು ಕನಸನ್ನು ಕನಸಾಗಿಯೇ ಬಿಡುವ ಜನರಲ್ಲ. ಅದನ್ನು ಕಬ್ಬಿಣದಲ್ಲಿಯೂ ಸಿಮೆಂಟಿನಲ್ಲಿಯೂ ಕಟ್ಟಿ, ದಿನಕ್ಕಿಷ್ಟು ಎಂದು ಬಾಡಿಗೆ ಗೊತ್ತುಮಾಡಿ ಒಪ್ಪಿಸುವುದು ಅವರ ಪದ್ಧತಿ. ಫ್ಲಾರಿಡ ಸಂಸ್ಥಾನದ ಒರ್ಲಾಂಡೊ ನಗರದ ಬಳಿ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ವಿನೋದನಗರಿ ೧೯೭೧ರ ಅಕ್ಟೋಬರ್ ೧ರಂದು ಬಾಗಿಲು ತೆರೆಯಿತು. ಅಂದೇ ಅದರೊಡನೆ ತೆರೆದ ಎರಡು ಹೊಟೆಲುಗಳಲ್ಲಿ ಒಂದರ ಹೆಸರು ‘ಪಾಲಿನೇಷಿಯನ್ ವಿಲೇಜ್’. ಶಾಂತಸಾಗರದ ನಡುವೆ ಹರಡಿರುವ ಪಾಲಿನೇಷಿಯ ದ್ವೀಪಗಳ ಒಂದು ಹಳ್ಳಿಯನ್ನೇ ಅಲ್ಲಿಗೆ ತಂದು ನೆಟ್ಟಂತೆ ಕಾಣಬೇಕೆಂಬುದು ಕಟ್ಟಿದವರ ಉದ್ದೇಶವಾಗಿತ್ತು.

ಆ ನೆಲದಿಂದ ನಿಜವಾದ ಸಮುದ್ರವನ್ನು ಕಾಣಬೇಕಾದರೆ ಮೋಟಾರಿನಲ್ಲಿ ಒಂದು ಗಂಟೆಗೂ ಮಿಕ್ಕ ಹಾದಿ. ಆದರೂ ಹೊಟೆಲಿನ ಮುಂದೆ ಮರಳಿನ ದಂಡೆಯಿದೆ. ಜೌಗು ಭೂಮಿಯನ್ನು ಅಗೆದು, ನೀರು ತುಂಬಿಸಿ, ಅದಕ್ಕೆ ‘ಸೆವೆನ್ ಸೀಸ್ ಲಗೂನ್’ ಎಂದು ಹೆಸರಿಟ್ಟರು. ಸಪ್ತಸಾಗರ ಸರೋವರವೆಂದು ಹೇಳಬಹುದು. ಪುರಾಣದ ಸಪ್ತಸಾಗರಗಳಲ್ಲಿ ಹಾಲು, ಮೊಸರು, ತುಪ್ಪಗಳಾದರೂ ಇದ್ದವು. ಇದರಲ್ಲಿರುವುದು ಜೌಗುನೆಲದ ಸಿಹಿನೀರು. ಸಾಗರವೆಂದ ಮೇಲೆ ಅಲೆಗಳು ಬೇಡವೆ? ಯಂತ್ರವೊಂದನ್ನು ಹೂಡಿ ಅಲೆಗಳನ್ನು ಎಬ್ಬಿಸಿ ನೋಡಿದರು. ಆ ಅಲೆಗಳು ತಂದಿಟ್ಟ ಮರಳನ್ನೇ ಕೊಚ್ಚಿಕೊಂಡು ಹೋಗತೊಡಗಿದವು, ಯಂತ್ರವನ್ನು ನಿಲ್ಲಿಸಬೇಕಾಯಿತು. ಈಗ ದಂಡೆಯಿದೆ, ನೀರಿದೆ. ಆದರೆ ಆ ನೀರಿನಲ್ಲಿ ಈಜಲು ಅಪ್ಪಣೆಯಿಲ್ಲ. ಈಜುವವರಿಗಾಗಿ ಕೊಳವೊಂದನ್ನು ಬೇರೆಯಾಗಿ ಕಟ್ಟಿ, ಅದರ ನೆತ್ತಿಗೆ ಒಂದು ಕೃತಕ ಜ್ವಾಲಾಮುಖಿಯನ್ನು ಕೂರಿಸಿದ್ದಾರೆ. ಅದರ ಒಡಲಿನಿಂದ ಬೆಂಕಿಯ ಬದಲಾಗಿ ಮಕ್ಕಳು ಜಾರಿಬರುತ್ತಾರೆ.

ಮಧ್ಯದ ಮನೆಗೆ ‘ಮಹಾ ಉತ್ಸವ ಗೃಹ’ ಎಂಬರ್ಥದ ಹೆಸರು. ೨೦೧೪ರವರೆಗೆ ಅದರೊಳಗೆ ಗಿಡಮರಗಳ ನಡುವೆ ಜಲಪಾತವೊಂದು ಧುಮುಕುತ್ತಿತ್ತು. ಸುತ್ತಲಿನ ವಸತಿಗೃಹಗಳಿಗೆ ದ್ವೀಪಗಳ ಹೆಸರು: ಸಮೋವ, ಟೋಂಗ, ರಾರೋಟೋಂಗ, ನಿಯುವೆ, ಟುವಾಲು, ಟೊಕೆಲಾವ್. ಮೊದಲು ಇದ್ದ ೪೯೨ ಕೊಠಡಿಗಳನ್ನು ಬೇರೆಡೆಯಲ್ಲಿ ಪೆಟ್ಟಿಗೆಗಳಂತೆ ತಯಾರಿಸಿ ತಂದು ಒಂದರ ಮೇಲೊಂದಾಗಿ ಜೋಡಿಸಿದರಂತೆ. ಅತಿಥಿಯು ಏಕಹಳಿಯ ರೈಲಿನಲ್ಲಿ ಬಂದಿಳಿದು, ಕೆಲವೇ ನಿಮಿಷಗಳಲ್ಲಿ ‘ಟೊಕೆಲಾವ್’ ಸೇರಿ ಹಾಸಿಗೆಯ ಮೇಲೆ ಮೈಚಾಚಬಹುದು. ನಿಜವಾದ ಟೊಕೆಲಾವ್‌ಗೆ ವಿಮಾನ ನಿಲ್ದಾಣವೇ ಇಲ್ಲ. ಸಮೋವದ ಅಪಿಯ ಬಂದರಿನಿಂದ ಹಡಗು ಹತ್ತಿ, ಒಂದು ಹಗಲು ಒಂದು ರಾತ್ರಿಗೂ ಹೆಚ್ಚು ಕಾಲ ಸಮುದ್ರದ ಹೊಯ್ದಾಟವನ್ನು ಸಹಿಸಿದವರಿಗೆ ಮಾತ್ರ ಅದರ ದರ್ಶನ. ಅಲ್ಲಿಯ ಮೂರು ಹವಳದ ದ್ವೀಪಗಳಲ್ಲಿ ವಾಸವಾಗಿರುವವರು ಹೆಚ್ಚುಕಡಮೆ ಒಂದೂವರೆ ಸಾವಿರ ಮಂದಿ.

ಇಷ್ಟು ಕೇಳಿದೊಡನೆ ನಗುವುದು ಸುಲಭ. ಆದರೆ ವರ್ಷವೆಲ್ಲ ದುಡಿದು, ಕೂಡಿಟ್ಟ ಹಣದಲ್ಲಿ ಮಕ್ಕಳನ್ನು ಕರೆದುಕೊಂಡು ನಾಲ್ಕು ದಿನ ಅಲ್ಲಿಗೆ ಬರುವ ಸಂಸಾರಸ್ಥನ ಸಂತೋಷ ಕೃತಕವಾದುದಲ್ಲ. ನಾಟಕದ ಪರದೆಯ ಮೇಲೆ ಬರೆದ ಕಾಡನ್ನು ಕಂಡು ಪ್ರೇಕ್ಷಕನು ಮರ ಕಡಿಯಲು ಕೊಡಲಿ ತರುವುದಿಲ್ಲ. ಅದು ಪರದೆಯೆಂದು ಅವನಿಗೆ ಗೊತ್ತು. ಹೊಟೆಲಿನ ಅತಿಥಿಗೂ ಗೊತ್ತು. ಕೇಳಬೇಕಾದ ಪ್ರಶ್ನೆ ಬೇರೆ: ಆ ಪರದೆಯ ಚಿತ್ರವನ್ನು ಯಾರು ಬರೆದರು? ಬರೆಯುವಾಗ ಏನನ್ನು ಬಿಟ್ಟರು?

ಚಿತ್ರ ಬಹಳ ಹಳೆಯದು. ಫ್ರಾನ್ಸಿನ ನಾವಿಕ ಬೂಗೆನ್‌ವಿಲ್ ೧೭೬೮ರ ಏಪ್ರಿಲ್‌ನಲ್ಲಿ ತಾಹಿತಿಯಲ್ಲಿ ತಂಗಿದ್ದುದು ಹತ್ತು ದಿನಗಳಷ್ಟು. ಅಷ್ಟರಲ್ಲಿಯೇ ಅವನು ಅದಕ್ಕೆ ಗ್ರೀಕರ ಪ್ರೇಮದೇವತೆಯ ದ್ವೀಪದ ಹೆಸರನ್ನಿಟ್ಟು, ಭೂಲೋಕದ ನಂದನವನವೆಂದು ಯುರೋಪಿಗೆ ಸಾರಿದನು. ಆಹುತೋರು ಎಂಬ ತಾಹಿತಿಯ ಯುವಕನೊಬ್ಬ ಅವನೊಡನೆ ಪ್ಯಾರಿಸಿಗೆ ಹೋದನು. ಅಲ್ಲಿಯ ಗೀತನಾಟಕಗಳನ್ನು ಬಹುವಾಗಿ ಮೆಚ್ಚಿದನು. ತಾಯ್ನಾಡಿಗೆ ಮರಳುವ ದಾರಿಯಲ್ಲಿ, ೧೭೭೧ರಲ್ಲಿ, ಸಿಡುಬಿನಿಂದ ತೀರಿಕೊಂಡನು. ನಂದನವನದ ಕಥೆ ಉಳಿಯಿತು; ನಂದನವನದವನು ಮನೆ ಸೇರಲಿಲ್ಲ. ಅದೇ ನಂದನವನವನ್ನು ಹುಡುಕಿಕೊಂಡು ಚಿತ್ರಕಾರ ಗೊಗಾನ್ ೧೮೯೧ರಲ್ಲಿ ಪಾಪೀಟೆಯಲ್ಲಿ ಇಳಿದಾಗ ಕಂಡದ್ದು ಫ್ರೆಂಚ್ ಅಧಿಕಾರಿಗಳನ್ನು, ಪಾದ್ರಿಗಳು ತೊಡಿಸಿದ ಉದ್ದನೆಯ ನಿಲುವಂಗಿಗಳನ್ನು. ಕಂಡುದನ್ನು ಬಿಟ್ಟು, ಕಾಣಬಯಸಿದ್ದನ್ನೇ ಅವನು ಎಷ್ಟೋ ಚಿತ್ರಗಳಲ್ಲಿ ಬರೆದನು.

ಅಮೆರಿಕದಲ್ಲಿ ಈ ಚಿತ್ರ ಪಾನಗೃಹದ ಗೋಡೆಗೆ ಏರಿದ್ದು ೧೯೩೦ರ ದಶಕದಲ್ಲಿ. ‘ಡಾನ್ ದ ಬೀಚ್‌ಕೂಂಬರ್’ ಎಂಬ ಹೆಸರಿನಿಂದ ಪ್ರಸಿದ್ಧನಾದವನೊಬ್ಬ ಹಾಲಿವುಡ್ಡಿನಲ್ಲಿ ಬಿದಿರು, ಬಲೆ, ಮರದ ವಿಗ್ರಹಗಳನ್ನು ಜೋಡಿಸಿ ರಮ್ ಮಾರತೊಡಗಿದನು. ಮಹಾಯುದ್ಧದಲ್ಲಿ ಶಾಂತಸಾಗರದ ದ್ವೀಪಗಳಲ್ಲಿ ಕಾದಾಡಿ ಬಂದ ಸಿಪಾಯಿಗಳು ಹೇಳಿದ ಕಥೆಗಳೂ, ಜೇಮ್ಸ್ ಮಿಚೆನರ್ ೧೯೪೭ರಲ್ಲಿ ಪ್ರಕಟಿಸಿದ ಕಥೆಗಳೂ, ಅವುಗಳಿಂದ ಹುಟ್ಟಿದ ೧೯೪೯ರ ಸಂಗೀತ ನಾಟಕವೂ ಆ ಗೀಳನ್ನು ಮನೆಮನೆಗೆ ಮುಟ್ಟಿಸಿದವು. ದೇವತೆಗಳ, ಪಿತೃಗಳ ಪ್ರತೀಕವಾಗಿದ್ದ ವಿಗ್ರಹಗಳು ಮದ್ಯದ ಲೋಟಗಳಾದವು. ತುಳುನಾಡಿನ ಭೂತದ ಮೊಗವನ್ನು ಯಾರಾದರೂ ಪಾನಪಾತ್ರೆಯಾಗಿ ಎರಕ ಹೊಯ್ದು ಮೇಜಿನ ಮೇಲಿಟ್ಟರೆ ಅಲ್ಲಿಯವರಿಗೆ ಹೇಗೆನಿಸೀತು ಎಂದು ಊಹಿಸಿಕೊಂಡರೆ, ದ್ವೀಪವಾಸಿಗಳ ಮನಸ್ಸು ಸ್ವಲ್ಪಮಟ್ಟಿಗೆ ತಿಳಿದೀತು.

ಹಾಗೆಂದು ಎಲ್ಲವನ್ನೂ ಅಸಲು, ನಕಲು ಎಂದು ಎರಡು ರಾಶಿ ಮಾಡಿಡುವುದೂ ಸಾಧ್ಯವಿಲ್ಲ. ಹೊಟೆಲುಗಳಲ್ಲಿ ಅತಿಥಿಗಳು ಬೆರಗಾಗಿ ನೋಡುವ ಬೆಂಕಿಯ ಕತ್ತಿಯ ನೃತ್ಯವನ್ನೇ ತೆಗೆದುಕೊಳ್ಳಬಹುದು. ಕತ್ತಿಯ ನೃತ್ಯ ಸಮೋವದ ಹಳೆಯ ಸಂಪ್ರದಾಯ. ಅದಕ್ಕೆ ಬೆಂಕಿ ಹೊತ್ತಿಸಿದವನು ಲೆಟುಲಿ ಎಂಬ ಸಮೋವದ ನರ್ತಕ. ಅದೂ ೧೯೪೬ರಲ್ಲಿ, ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ. ಬೆಂಕಿ ನುಂಗುವ ಹಿಂದೂ ಕಲಾವಿದನೊಬ್ಬನನ್ನೂ, ಉರಿಯುವ ಕೋಲು ತಿರುಗಿಸುವ ಬಾಲಕಿಯೊಬ್ಬಳನ್ನೂ ನೋಡಿ ಅವನಿಗೆ ಈ ಯೋಚನೆ ಹೊಳೆಯಿತಂತೆ. ಜೀವಂತ ಕಲೆ ಎಲ್ಲಿಂದ ಬೇಕಾದರೂ ಕಿಡಿಯನ್ನು ತೆಗೆದುಕೊಳ್ಳುತ್ತದೆ. ಇಂದು ಸಮೋವದ ತರುಣರು ಅದನ್ನು ತಮ್ಮದೆಂದೇ ಅಭಿಮಾನದಿಂದ ಕುಣಿಯುತ್ತಾರೆ.

ಇದಕ್ಕಿಂತ ವಿಚಿತ್ರವಾದುದು ನೀರಿನ ಮೇಲೆ ಕಂಬಗಳನ್ನು ನೆಟ್ಟು ಕಟ್ಟುವ ಹುಲ್ಲುಮಾಡಿನ ಕುಟೀರ. ಪಾಲಿನೇಷಿಯವೆಂದರೆ ಜಾಹೀರಾತುಗಳಲ್ಲಿ ಮೊದಲು ಕಾಣುವುದೇ ಅದು. ಆದರೆ ಅದನ್ನು ಪ್ರವಾಸಿಗಳಿಗಾಗಿ ರಾಯಿಆಟಿಯ ದ್ವೀಪದಲ್ಲಿ ೧೯೬೭ರ ಸುಮಾರಿಗೆ ಮೊದಲು ಕಟ್ಟಿಸಿದವರು ಕ್ಯಾಲಿಫೋರ್ನಿಯದಿಂದ ಬಂದ ಮೂವರು ಅಮೆರಿಕನ್ ಗೆಳೆಯರು. ಅಲ್ಲಿಂದ ಅದು ಬೋರಾ ಬೋರಾಕ್ಕೆ ಹಬ್ಬಿತು. ೨೦೧೫ರಲ್ಲಿ ಫ್ಲಾರಿಡದ ಹೊಟೆಲು ಅದೇ ಮಾದರಿಯ ೨೦ ಕುಟೀರಗಳನ್ನು ತನ್ನ ಸಪ್ತಸಾಗರದಲ್ಲಿ ನಿಲ್ಲಿಸಿತು. ಅಮೆರಿಕದ ಕಲ್ಪನೆ ಶಾಂತಸಾಗರಕ್ಕೆ ಹೋಗಿ, ಅಲ್ಲಿಯ ಸಂಪ್ರದಾಯವೆಂಬ ಬಿರುದು ಹೊತ್ತು ತೌರಿಗೆ ಮರಳಿತು! ಇನ್ನು ಮುಂದೆ ನಿಜವಾದ ದ್ವೀಪವನ್ನು ಕಂಡ ಪ್ರವಾಸಿ ‘ಹೊಟೆಲಿನಲ್ಲಿದ್ದಂತೆಯೇ ಇದೆ’ ಎಂದು ಮೆಚ್ಚಿಕೊಂಡರೆ ಆಶ್ಚರ್ಯವಿಲ್ಲ.

ಹಾಗಾದರೆ ಚಿತ್ರದಲ್ಲಿ ಬಿಟ್ಟುಹೋದದ್ದೇನು? ಮೊದಲನೆಯದು, ದುಡಿಮೆ. ಹವಾಯಿಯ ಔತಣಕ್ಕೆ ‘ಲುವಾವು’ ಎನ್ನುತ್ತಾರೆ. ಆ ಹೆಸರಿನ ಔತಣ ಈ ಹೊಟೆಲಿನಲ್ಲಿಯೂ ೨೦೨೦ರವರೆಗೆ ನಡೆಯುತ್ತಿತ್ತು. ಆ ಮಾತಿನ ಮೂಲ ಅರ್ಥ ಕೆಸುವಿನ ಎಲೆ. ಕನ್ನಡ ಕರಾವಳಿಯ ಗೃಹಿಣಿಯೊಬ್ಬಳು ಸಮೋವದ ಅಡುಗೆಯ ಕೊಟ್ಟಿಗೆಗೆ ಹೋದರೆ ಅಪರಿಚಿತಳಾಗಿ ನಿಲ್ಲಬೇಕಾಗಿಲ್ಲ. ಅಂಗಳದಲ್ಲಿ ತೆಂಗು, ಪಕ್ಕದಲ್ಲಿ ಜೀಗುಜ್ಜೆ, ತೇವದ ನೆಲದಲ್ಲಿ ಕೆಸು. ಎಳೆಯ ಕೆಸುವಿನ ಎಲೆಯಲ್ಲಿ ತೆಂಗಿನ ಹಾಲನ್ನು ಕಟ್ಟಿ, ಕಾದ ಕಲ್ಲುಗಳ ಮೇಲೆ ಬೇಯಿಸುವ ಅಲ್ಲಿಯ ‘ಪಲುಸಾಮಿ’ಯನ್ನು ಕಂಡರೆ ಅವಳಿಗೆ ಪತ್ರೊಡೆಯ ನೆನಪಾದೀತು. ಕಾಯಿ ತುರಿದು ಹಿಂಡುವ ಕೈಗಳಿಗೆ ಎಷ್ಟು ಹೊತ್ತು ಹಿಡಿಯುತ್ತದೆಂಬುದೂ ಅವಳಿಗೆ ಹೇಳದೆಯೇ ತಿಳಿದಿರುತ್ತದೆ.

ಟುವಾಲುವಿನಂತಹ ಹವಳದ ದ್ವೀಪಗಳಲ್ಲಿ ಈ ದುಡಿಮೆ ಇನ್ನೂ ಕಠಿನ. ಅಲ್ಲಿ ಹೊಳೆಯಿಲ್ಲ, ಬೆಟ್ಟವಿಲ್ಲ, ಮಣ್ಣೂ ಅಪರೂಪವೆನ್ನಬೇಕು. ಮಳೆಯ ನೀರು ಹವಳದ ಪುಡಿಯೊಳಗೆ ಇಳಿದು, ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಜನರು ಆ ಸಿಹಿನೀರು ಮುಟ್ಟುವವರೆಗೆ ಹೊಂಡ ತೋಡಿ, ಎಲೆಗೊಬ್ಬರ ತುಂಬಿಸಿ, ‘ಪುಲಕ’ವೆಂಬ ಕೆಸುವಿನ ಬಳಗದ ದೊಡ್ಡ ಗಡ್ಡೆಯನ್ನು ತಲೆತಲಾಂತರದಿಂದ ಬೆಳೆಸಿದ್ದಾರೆ. ಒಂದೆಡೆ ಹೊಟೆಲಿನ ಚೆಲುವಿಗಾಗಿ ಜೌಗುನೆಲವನ್ನು ಅಗೆದರು. ಇನ್ನೊಂದೆಡೆ ತುತ್ತು ಅನ್ನಕ್ಕಾಗಿ ಹವಳವನ್ನು ಅಗೆದರು. ಎರಡೂ ಅಗೆತವೇ ಸರಿ!

ಬಿಟ್ಟುಹೋದ ಎರಡನೆಯದು, ಕಡಲು. ಹೊಟೆಲಿನ ದ್ವೀಪ ಬಂದು ಸೇರುವ ಸ್ಥಳ. ಪಾಲಿನೇಷಿಯದವರ ದ್ವೀಪ ಹೊರಡುವ ಸ್ಥಳವೂ ಆಗಿತ್ತು. ಉತ್ತರದಲ್ಲಿ ಹವಾಯಿ, ನೈರುತ್ಯದಲ್ಲಿ ನ್ಯೂಜಿಲೆಂಡ್, ಆಗ್ನೇಯದಲ್ಲಿ ರಾಪಾನುಯಿ ಎಂಬ ಈಸ್ಟರ್ ದ್ವೀಪ—ಈ ಮಹಾತ್ರಿಕೋನದ ಒಂದೊಂದು ತುಣುಕು ನೆಲವನ್ನೂ ಅವರು ಜೋಡಿದೋಣಿಗಳಲ್ಲಿ ಹುಡುಕಿ ಸೇರಿದರು. ದಿಕ್ಸೂಚಿಯಿಲ್ಲ, ಬರೆದ ನಕ್ಷೆಯಿಲ್ಲ. ನಕ್ಷತ್ರಗಳ ಉದಯಾಸ್ತಗಳು, ಅಲೆಗಳ ಓಟ, ಸಂಜೆ ಗೂಡಿಗೆ ಮರಳುವ ಹಕ್ಕಿ, ದಿಗಂತದಲ್ಲಿ ಕದಲದೆ ನಿಂತ ಮೋಡ—ಇವೇ ಅವರ ಶಾಸ್ತ್ರ. ೧೭೬೯ರಲ್ಲಿ ಕುಕ್ಕನ ಹಡಗನ್ನೇರಿದ ತುಪಾಯಿಯ ಎಂಬ ಪುರೋಹಿತ ನಾವಿಕನಿಗೆ ಹತ್ತಾರು ದ್ವೀಪಗಳ ಹೆಸರೂ ದಿಕ್ಕೂ ಬಾಯಿಪಾಠವಾಗಿದ್ದವು. ದೂರದ ನ್ಯೂಜಿಲೆಂಡಿನಲ್ಲಿ ಅವನು ತನ್ನ ತಾಹಿತಿಯ ಮಾತಿನಲ್ಲಿಯೇ ಮಾವೋರಿ ಜನರೊಡನೆ ಸಂಭಾಷಿಸಿದಾಗ ಆಂಗ್ಲರು ಬೆರಗಾದರು.

ಕಾಲಕ್ರಮದಲ್ಲಿ ಆ ವಿದ್ಯೆ ಹವಾಯಿ, ತಾಹಿತಿಗಳಲ್ಲಿ ಅಳಿದುಹೋಯಿತು. ದೋಣಿಗಳು ಗಾಳಿ ಬೀಸಿದತ್ತ ತೇಲಿ ಆಕಸ್ಮಿಕವಾಗಿ ದಡ ಸೇರಿದವೆಂದು ವಾದಿಸುವ ಪಂಡಿತರೂ ಹುಟ್ಟಿಕೊಂಡರು. ಆಗ ಹವಾಯಿಯವರು ‘ಹೋಕುಲೇಯ’ ಎಂಬ ಜೋಡಿದೋಣಿಯನ್ನು ಕಟ್ಟಿದರು. ನಡೆಸುವ ನಾವಿಕ ತಮ್ಮಲ್ಲಿ ಯಾರೂ ಉಳಿದಿರಲಿಲ್ಲವಾಗಿ, ಮೈಕ್ರೊನೇಷಿಯದ ಸತವಾಲ್ ಎಂಬ ಪುಟ್ಟ ದ್ವೀಪದಿಂದ ಮಾವು ಪಿಯಾಯ್ಲುಗ್ ಎಂಬುವನನ್ನು ಕರೆತಂದರು. ೧೯೭೬ರಲ್ಲಿ ಅವನು ಯಾವ ಉಪಕರಣವನ್ನೂ ಮುಟ್ಟದೆ ದೋಣಿಯನ್ನು ಹವಾಯಿಯಿಂದ ತಾಹಿತಿಗೆ ಒಯ್ದನು. ಒಂದು ತಿಂಗಳಿಗೂ ಮಿಕ್ಕ ಪಯಣ. ಪಾಪೀಟೆಯ ದಡದಲ್ಲಿ ಸಾವಿರಾರು ಜನ ನೆರೆದಿದ್ದರು. ಮಕ್ಕಳು ದೋಣಿಯ ಮೇಲೆ ಏರಿದ ಭಾರಕ್ಕೆ ಅದರ ಹಿಂಬದಿ ನೀರಿಗಿಳಿಯಿತೆಂದು ಹೇಳುತ್ತಾರೆ. ತನ್ನ ಕುಲದ ಗುಟ್ಟಾದ ವಿದ್ಯೆಯನ್ನು ಪರದ್ವೀಪದವರಿಗೂ ಧಾರೆಯೆರೆದುದರಿಂದ ಅದು ಮಾವುವಿನೊಡನೆ ಮುಗಿಯಲಿಲ್ಲ. ಟೋಂಗ ಮೂಲದ ಲೇಖಕ ಎಪೆಲಿ ಹವೋಫ ೧೯೯೩ರ ಪ್ರಬಂಧವೊಂದರಲ್ಲಿ ಇದೇ ಮರ್ಮವನ್ನು ವಿವರಿಸಿದನು: ಕಡಲು ತನ್ನ ಜನರನ್ನು ಬೇರ್ಪಡಿಸಿದ ಗೋಡೆಯಲ್ಲ, ಕೂಡಿಸಿದ ಹಾದಿ; ಅದನ್ನೂ ಸೇರಿಸಿ ಎಣಿಸಿದರೆ ಅವರ ನಾಡು ಚಿಕ್ಕದಲ್ಲ.

ಇನ್ನು, ಯಾವ ಹೊಟೆಲೂ ಚಿತ್ರಿಸಲಾರದ ಸಂಗತಿಗಳಿವೆ. ಫ್ರಾನ್ಸು ೧೯೬೬ರಿಂದ ೧೯೯೬ರವರೆಗೆ ಮೊರುರೋವ, ಫಂಗಟಾವುಫ ದ್ವೀಪಗಳಲ್ಲಿ ೧೯೩ ಅಣುಸ್ಫೋಟಗಳನ್ನು ನಡೆಸಿತು. ಫ್ಲಾರಿಡದಲ್ಲಿ ಅತಿಥಿಗಳು ತಾಹಿತಿಯ ಹೂಮಾಲೆ ನೆನೆದು ಮಲಗಿದ್ದ ಎಷ್ಟೋ ವರ್ಷಗಳು ಇವೇ. ಟುವಾಲುವಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐದು ಮೀಟರಿನೊಳಗೆ. ಭೂಮಿಯ ಕಾವು ಹೆಚ್ಚಿ ಕಡಲೇರುತ್ತಿರುವಾಗ, ಪುಲಕದ ಹೊಂಡಗಳಿಗೆ ಉಪ್ಪುನೀರು ನುಗ್ಗುತ್ತಿದೆ. ಆಸ್ಟ್ರೇಲಿಯವು ೨೦೨೩ರಲ್ಲಿ ಒಪ್ಪಂದ ಮಾಡಿಕೊಂಡು, ವರ್ಷಕ್ಕೆ ೨೮೦ ಮಂದಿ ಟುವಾಲು ಪ್ರಜೆಗಳಿಗೆ ನೆಲೆಸಲು ಅವಕಾಶ ಕೊಟ್ಟಿದೆ. ೨೦೨೫ರಲ್ಲಿ ಮೊದಲ ಬಾರಿಗೆ ಚೀಟಿ ಎತ್ತುವಾಗ, ಹತ್ತು ಸಾವಿರದಷ್ಟು ಜನರಿರುವ ಆ ನಾಡಿನ ಬಹುಪಾಲು ಮಂದಿ ಹೆಸರು ಕೊಟ್ಟಿದ್ದರು.

ಪೂರ್ವಿಕರು ನಕ್ಷತ್ರ ನೋಡಿ ಹೊರಟರು, ಮರಳಿ ಬರುವ ದಾರಿಯನ್ನು ಬಲ್ಲವರಾಗಿ. ಚೀಟಿಯಲ್ಲಿ ಹೆಸರು ಬಂದು ಹೊರಡುವ ಇಂದಿನ ತರುಣನಿಗೆ ಆ ಭರವಸೆ ಅಷ್ಟು ಸುಲಭವಲ್ಲ. ಬಿಟ್ಟುಹೋಗುವ ಹೊಂಡದಲ್ಲಿ ಅಜ್ಜ ನೆಟ್ಟ ಗಡ್ಡೆಯಿದೆ. ಅಂಗಳದ ಪಕ್ಕದಲ್ಲಿ ಹಿರಿಯರ ಸಮಾಧಿಯಿದೆ. ಅತ್ತ ಒರ್ಲಾಂಡೊದಲ್ಲಿ ‘ಟುವಾಲು’ ಎಂಬ ಮನೆ ಬಣ್ಣ ಮಾಸದಂತೆ ನಿಂತಿದೆ. ಅಲ್ಲಿ ಒಂದು ರಾತ್ರಿ ತಂಗುವ ಮಗುವೊಂದು ಬಾಗಿಲ ಮೇಲಿನ ಹೆಸರನ್ನು ಓದಿ, ‘ಇದು ಯಾವ ಊರು, ಅಪ್ಪ?’ ಎಂದು ಕೇಳಿದರೆ, ಆ ತಂದೆಗೆ ಉತ್ತರ ಗೊತ್ತಿರಬೇಕು.