ಡ್ರಿಲ್ಲಿನ ಕಟಕಟ

ಕಾರ್ಡ್‌ಲೆಸ್ ಡ್ರಿಲ್ಲಿನ ಮೂತಿಯ ಹಿಂದೆ ಅಂಕಿಗಳಿರುವ ಒಂದು ಉಂಗುರವಿರುತ್ತದೆ. ಪುಣೆಯಲ್ಲಿ ಒಬ್ಬರೇ ಇರುವ, ಧಾರವಾಡ ಕಡೆಯ ನಿವೃತ್ತ ಶಿಕ್ಷಕಿ ಅದನ್ನು ಗಮನಿಸಿರಲಿಲ್ಲ. ಟ್ರಿಗರ್ ಪೂರ್ತಿ ಒತ್ತಿದರು; ಸ್ಕ್ರೂ ಹಲಗೆಯೊಳಗೆ ಮುಳುಗಿತು, ತಲೆಯೂ ಸವೆಯಿತು. "ಅವರಿದ್ದಿದ್ರ ಅವ್ರ ಮಾಡ್ತಿದ್ರು" ಎಂದು ತೀರಿಹೋದ ಗಂಡನನ್ನು ನೆನೆದು ಡ್ರಿಲ್ ಕೆಳಗಿಟ್ಟರು.

ಮರುದಿನ ಉಂಗುರವನ್ನು 3ಕ್ಕೆ ತಿರುಗಿಸಿದರು. ಬಿಗಿತ ಆ ಮಿತಿ ಮುಟ್ಟಿದೊಡನೆ ಕ್ಲಚ್ ಕಟಕಟ ಎಂದು ಜಾರಿತು. ಮೋಟರು ತಿರುಗುತ್ತಿದ್ದರೂ ಸ್ಕ್ರೂ ನಿಂತಿತು. ಸಾಲದಿದ್ದರೆ 4, ಆಮೇಲೆ 5. ಮರದಲ್ಲಿ ತೂತು ಕೊರೆಯಲು ಡ್ರಿಲ್ಲಿನ ಗುರುತು. ಕಾಂಕ್ರೀಟ್ ಗೋಡೆಗೆ ಸುತ್ತಿಗೆಯ ಗುರುತು, ಜೊತೆಗೆ ತುದಿಯಲ್ಲಿ ಕಾರ್ಬೈಡ್ ಇರುವ ಬಿಟ್. ತೋಳಿನ ಬಲ ಎಲ್ಲಿಯೂ ಬೇಕಾಗಲಿಲ್ಲ.

ಭಾನುವಾರ ಗಂಡನ ಪುಸ್ತಕಗಳಿಗೆ ಶೆಲ್ಫ್ ಆಯಿತು. ಸೋಮವಾರ ಪಕ್ಕದ ಮನೆಯ ಮರಾಠಿ ಆಜಿ ಪರದೆಯ ರಾಡ್ ಹಿಡಿದು ಬಾಗಿಲು ತಟ್ಟಿದರು.