ಭೀಮರಾಯನಗುಡಿಯಲ್ಲಿ ಮೂರು ಮುಂಜಾವುಗಳು

ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಹೋದವರು ಅಲ್ಲಿಯ ಬೆಟ್ಟದ ಸಾಲಿನಲ್ಲಿ ಪವಡಿಸಿದ ಬುದ್ಧನಂತೆ ತೋರುವ ಆಕೃತಿಯನ್ನು ನೋಡದೆ ಹಿಂದಿರುಗುವುದಿಲ್ಲ. ಸುರಪುರಕ್ಕೆ ಹೋದವರು ನಾಯಕ ಅರಸರ ಊರನ್ನೂ, 1844ರಲ್ಲಿ ಮೆಡೋಸ್ ಟೇಲರನು ಕಟ್ಟಿಸಿಕೊಂಡ ಬಂಗಲೆಯನ್ನೂ ಕಂಡು ಬರುತ್ತಾರೆ. ಶಹಾಪುರದ ಸಮೀಪದಲ್ಲಿಯೇ ಇರುವ ಭೀಮರಾಯನಗುಡಿಯನ್ನು ಮಾತ್ರ ನೋಡುವುದಕ್ಕೆಂದೇ ಹೊರಡುವವರು ವಿರಳ. ಆದರೂ ಅಲ್ಲಿ ಮೂರು ದಿನವಿದ್ದು ಗೃಹಸ್ಥನಾದವನು ಕಲಿಯಬೇಕಾದುದು ಉಂಟೆಂಬುದು ನಮಗೆ ಅನುಭವದಿಂದ ತಿಳಿದುಬಂದಿತು.

ಹೆಸರೇ ಸಾರುವಂತೆ ಈ ಊರು ದೇವರ ಗುಡಿಯಿಂದ ಹೆಸರು ಪಡೆದುದು. ಆದರೆ ಅದರ ಇಂದಿನ ಬಾಳು ನೀರಿನಿಂದ ಬಂದುದು. ಮುಂದೆ ಪ್ರಧಾನಮಂತ್ರಿಗಳಾದ ಲಾಲಬಹಾದೂರ ಶಾಸ್ತ್ರಿಗಳು 1964ರ ಮೇ ತಿಂಗಳಿನಲ್ಲಿ ಆಲಮಟ್ಟಿಯಲ್ಲಿ ಅಸ್ತಿಭಾರವನ್ನಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯು ಈ ಸೀಮೆಯ ಭಾಗ್ಯವನ್ನೇ ಬದಲಿಸಿತು. ನಾರಾಯಣಪುರದ ಬಸವಸಾಗರದಿಂದ ಹೊರಡುವ 78 ಕಿಲೋಮೀಟರಿನ ಎಡದಂಡೆ ಕಾಲುವೆ ಮತ್ತು ಅದರ ಶಾಖೆಗಳು ಮಳೆಯನ್ನೇ ನಂಬಿದ್ದ ಎರೆನೆಲಕ್ಕೆ ನೀರನ್ನು ತಂದವು. 1994ರಲ್ಲಿ ಸ್ಥಾಪಿತವಾದ ಕೃಷ್ಣಾ ಭಾಗ್ಯ ಜಲ ನಿಗಮದ ಕಾಲುವೆ ವಿಭಾಗದ ಕಚೇರಿಗಳು ಭೀಮರಾಯನಗುಡಿಯಲ್ಲಿವೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಮಹಾವಿದ್ಯಾಲಯವೂ ಇಲ್ಲಿದೆ. ಆದುದರಿಂದ ಈ ಊರಿನ ಮಾತೆಲ್ಲವೂ ಗೇಟು, ಗೇಜು, ಸರದಿ, ಬೆಳೆ ಎಂಬ ನಾಲ್ಕು ಶಬ್ದಗಳ ಸುತ್ತ ತಿರುಗುತ್ತಿರುವುದು ಸಹಜವೇ ಸರಿ.

ಎಳ್ಳಮಾವಾಸ್ಯೆಯ ಸಮಯದಲ್ಲಿ ನಾವು ದಂಪತಿಗಳು ಅಲ್ಲಿಗೆ ಹೋದೆವು. ಕಾಲುವೆಯ ಕೆಲಸದಲ್ಲಿ ಆಯುಷ್ಯವನ್ನು ಕಳೆದು ನಿವೃತ್ತರಾದ ನಮ್ಮ ಭಾವನವರ ಮನೆ ಅಲ್ಲಿದೆ. ಹಬ್ಬದ ಊಟದೊಡನೆ ಇನ್ನೊಂದು ಕಾರ್ಯವೂ ಇದ್ದಿತು. ಭಾವನವರ ತಾಯಿಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಕಲಬುರಗಿಯಲ್ಲಿ ದಿನ ಗೊತ್ತಾಗಿತ್ತು. ಹಬ್ಬವಾದ ಮೂರನೆಯ ಬೆಳಿಗ್ಗೆ ಎಂಟು ಗಂಟೆಯೊಳಗೆ ಅಲ್ಲಿರಬೇಕು. ಆ ವೃದ್ಧೆಯು ಹೆದರಿಕೆಯಿಂದ ಎರಡು ಸಲ ದಿನವನ್ನು ಮುಂದಕ್ಕೆ ಹಾಕಿಸಿದ್ದರು. ಈ ಸಲ ನಮ್ಮ ಗಾಡಿಯಲ್ಲಿ ಕರೆದುಕೊಂಡು ಹೋಗುತ್ತೇವೆಂದು ಮಾತು ಕೊಟ್ಟಿದ್ದೆವು. “ಈ ಸಲ ತಪ್ಪಿದ್ರ ನಾ ಮತ್ತ ಬರಂಗಿಲ್ಲ ನೋಡ್ರಿ” ಎಂದು ಅವರು ಮೊದಲ ದಿನವೇ ಹೇಳಿಬಿಟ್ಟರು.

ಗಾಡಿಯ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಹಿಂಬದಿಯ ಬಾಗಿಲನ್ನು ಮೇಲಕ್ಕೆ ಎತ್ತುವ ಸಣ್ಣ ಮೋಟಾರಿಗೆ ಹ್ಯಾಚ್‌ಬ್ಯಾಕ್ ಎನ್ನುತ್ತಾರಷ್ಟೆ. ಅಂತಹ ಸಣ್ಣ ಒಡಲಿಗೆ ಬಲವಾದ ಎಂಜಿನನ್ನು ಕೂಡಿಸಿದರೆ ಅದು ಹಾಟ್ ಹ್ಯಾಚ್. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯವರು 1976ರಲ್ಲಿ ತಮ್ಮ ಗಾಲ್ಫ್ ಎಂಬ ಸಂಸಾರಸ್ಥರ ಗಾಡಿಗೆ 110 ಅಶ್ವಶಕ್ತಿಯ ಎಂಜಿನನ್ನಿಟ್ಟು ಜಿಟಿಐ ಎಂಬ ಹೆಸರಿನಿಂದ ಮಾರತೊಡಗಿದಂದಿನಿಂದ ಈ ಜಾತಿಯು ಲೋಕಪ್ರಿಯವಾಯಿತು. ನಮ್ಮದು ಅದೇ ಕುಲದ, ಹದಿನಾಲ್ಕು ವರ್ಷದ ಪೆಟ್ರೋಲು ಗಾಡಿ; ಯಾವ ಕಂಪನಿಯದೆಂಬುದು ಈ ಲೇಖನಕ್ಕೆ ಅವಶ್ಯವಿಲ್ಲ. ಹಗಲಿನಲ್ಲಿ ಅದರ ಓಟಕ್ಕೆ ಕುಂದಿಲ್ಲ. ಚಳಿಗಾಲದ ಬೆಳಿಗ್ಗೆ ಮಾತ್ರ ಮೊದಲ ಸಲ ಚಾಲೂ ಮಾಡಿದಾಗ ಜ್ವರ ಬಂದವರಂತೆ ನಡುಗುವುದು, ಎರಡು ಸಲ ಕೆಮ್ಮಿ ನಿಂತುಬಿಡುವುದು, ಮತ್ತೆ ಚಾಲೂ ಮಾಡಿದರೆ ಎರಡು ಮೂರು ನಿಮಿಷ ಕುಂಟಿ ಆಮೇಲೆ ಸರಿಹೋಗುವುದು. ನಗರದ ಒಂದು ಕಾರಖಾನೆಯಲ್ಲಿ ತೋರಿಸಿದ್ದೆವು. ಅಲ್ಲಿಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಅದು ಬೆಚ್ಚಗಾಗಿ ಸಾಧುವಾಗಿರುತ್ತಿತ್ತು. ಅವರು ಇಂಜೆಕ್ಟರುಗಳನ್ನೂ ಕಾಯಿಲುಗಳನ್ನೂ ಒಟ್ಟಿಗೆ ಬದಲಿಸಬೇಕೆಂದು ಲೆಕ್ಕ ಬರೆದುಕೊಟ್ಟರು. ಆ ಮೊತ್ತವು ಗಾಡಿಯ ಈಗಿನ ಬೆಲೆಯ ಮೂರರಲ್ಲೊಂದು ಪಾಲಾಗುತ್ತಿತ್ತು. ಅಷ್ಟು ಸುರಿಯುವುದಕ್ಕಿಂತ ಮಾರಿಬಿಡುವುದೇ ಲೇಸೆಂದು ಮನೆಯಲ್ಲಿ ಮಾತು ನಡೆದಿತ್ತು.

ಹಬ್ಬದ ಬೆಳಿಗ್ಗೆ, ಅಂದರೆ ನಮ್ಮ ಮೊದಲ ಮುಂಜಾವಿನಲ್ಲಿ, ಕಾಲುವೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿತ್ತು. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಮೀರಿ ಕಾಯುವ ಈ ನೆಲದಲ್ಲಿ ಪುಷ್ಯದ ಹೊತ್ತಿಗೆ ಕಂಬಳಿ ಬೇಕಾಗುತ್ತದೆ. ಹೊಲಕ್ಕೆ ಹೊರಡಲೆಂದು ಚಾವಿ ತಿರುವಿದರೆ ಗಾಡಿಯು ಎಂದಿನ ನಡುಕವನ್ನು ಎಂದಿಗಿಂತ ಹೆಚ್ಚಾಗಿ ತೋರಿಸಿ ಮೂರು ಸಲ ನಿಂತಿತು. ತಾಯಿಯವರು ಜಗಲಿಯ ಮೇಲೆ ಕುಳಿತು ಅದನ್ನು ಕೇಳುತ್ತಿದ್ದರು, ಏನೂ ಹೇಳಲಿಲ್ಲ. ಆ ಮೌನವೇ ನಮಗೆ ಭಾರವಾಯಿತು. ಹೊಲದಲ್ಲಿ ಪಾಂಡವರ ಪೂಜೆ ಮಾಡಿ, ಚರಗ ಚೆಲ್ಲಿ, ಸಜ್ಜೆಯ ಕಡುಬು, ಭಜ್ಜಿ, ಶೇಂಗಾದ ಹೋಳಿಗೆ, ಅಂಬಲಿಗಳ ಊಟ ಮುಗಿಸುವಾಗಲೂ ನಮ್ಮ ಮನಸ್ಸು ಮೂರನೆಯ ಬೆಳಗಿನ ಮೇಲೆಯೇ ಇದ್ದಿತು. ಭಾವನವರು ಒಂದು ಬಾಡಿಗೆಯ ಗಾಡಿಗೂ ಹೇಳಿಟ್ಟರಾದರೂ, ಹಬ್ಬದ ದಿನಗಳಲ್ಲಿ ಅದು ಬಂದೇ ಬರುವುದೆಂಬ ಭರವಸೆಯಿರಲಿಲ್ಲ.

ಸಂಜೆ ಗಾಡಿಯನ್ನು ಶಹಾಪುರದ ಒಬ್ಬ ಮಿಸ್ತ್ರಿಯ ಬಳಿಗೆ ಒಯ್ದೆವು. ಆತನು ಮುಚ್ಚಳವನ್ನು ಎತ್ತಿ, ಎಂಜಿನಿನ ಮೇಲೆ ಕೈಯಿಟ್ಟು, ಹಾಗೆಯೇ ಮುಚ್ಚಿಬಿಟ್ಟನು. “ಗಾಡಿ ಬಿಸಿ ಅದ್ರಿ ಸಾಹೇಬ್ರ. ಈಗ ನೋಡಿದ್ರ ಏನೂ ತಿಳಿಯಂಗಿಲ್ಲ. ಮನಿ ಮುಂದ ನಿಂದರಸ್ರಿ. ಮುಂಜಾನಿ ನಾ ಬರೂತನಕ ಯಾರೂ ಚಾವಿ ಮುಟ್ಟಬ್ಯಾಡ್ರಿ” ಎಂದನು. ಬೆಳಗಿನ ರೋಗವನ್ನು ಬೆಳಿಗ್ಗೆಯೇ ನೋಡಬೇಕೆಂಬ ಈ ಸರಳವಾದ ಮಾತನ್ನು ಅದುವರೆಗೆ ನಮಗೆ ಯಾರೂ ಹೇಳಿರಲಿಲ್ಲ.

ರಾತ್ರಿ ಊಟವಾದ ಮೇಲೆ ಭಾವನವರೊಡನೆ ಕಾಲುವೆಯ ದಂಡೆಯ ಮೇಲೆ ತಿರುಗಾಡಿದೆವು. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯ ಪದ್ಧತಿಯನ್ನು ಅವರು ವಿವರಿಸಿದರು. ನಿಂತ ಕಾಲುವೆಗೆ ನೀರು ಬಿಟ್ಟರೆ ಒಡಲು ತುಂಬಿದ ಹೊರತು ಕೊನೆಯ ಹೊಲಕ್ಕೆ ಮುಟ್ಟದು. ಗೇಟು ಎಷ್ಟು ತೆರೆಯಬೇಕೆಂಬುದನ್ನು ನೀರಿನ ಮಟ್ಟ ತೋರಿಸುವ ಗೇಜನ್ನು ನೋಡಿ ತೀರ್ಮಾನಿಸುತ್ತಾರೆ. “ಕೊನೀ ಹೊಲದಾಂವಗ ನೀರು ಮುಟ್ಟಲಿಲ್ಲಂದ್ರ ಎಲ್ಲಾರೂ ಗೇಟಿನವನ್ನ ಬೈತಾರ. ಆದ್ರ ಗೇಜೇ ತಪ್ಪು ತೋರಿಸಿದ್ರ ಅಂವ ಏನ್ ಮಾಡ್ಯಾನು? ಮದಲ ಗೇಜು ಖರೇ ಅದನೋ ಇಲ್ಲೋ ನೋಡಬೇಕು” ಎಂದರು.

ಮರುದಿನ ಬೆಳಕು ಹರಿಯುವ ಮೊದಲೇ ಮಿಸ್ತ್ರಿಯು ಸ್ಕೂಟರಿನ ಮೇಲೆ ಬಂದನು. ಆತನು ಮಾಡಿದ ಪರೀಕ್ಷೆ ಅರ್ಥವಾಗಬೇಕಾದರೆ ಒಂದು ಸಂಗತಿಯನ್ನು ತಿಳಿದಿರಬೇಕು. ಪೆಟ್ರೋಲು ದ್ರವರೂಪದಲ್ಲಿ ಚೆನ್ನಾಗಿ ಉರಿಯದು. ಆವಿಯಾಗಿ ಗಾಳಿಯೊಡನೆ ಬೆರೆಯಬೇಕು. ತಣ್ಣಗಿನ ಎಂಜಿನಿನಲ್ಲಿ ಅದರ ಬಹುಭಾಗ ಗೋಡೆಗಳಿಗೆ ಹನಿಯಾಗಿ ಅಂಟಿಕೊಳ್ಳುವುದರಿಂದ ಮೊದಲ ಕೆಲವು ನಿಮಿಷ ಹೆಚ್ಚು ಪೆಟ್ರೋಲನ್ನು ಕೊಡಬೇಕಾಗುತ್ತದೆ. ಹಿಂದಿನ ಗಾಡಿಗಳಲ್ಲಿ ಇದಕ್ಕಾಗಿಯೇ ಕೈಯಿಂದ ಎಳೆಯುವ ಚೋಕು ಇರುತ್ತಿತ್ತು. ಇಂಜೆಕ್ಷನ್ನಿನ ಗಾಡಿಗಳಲ್ಲಿ ಆ ಕೆಲಸವನ್ನು ಒಳಗಿನ ಗಣಕಯಂತ್ರವು ಮಾಡುತ್ತದೆ. ಎಂಜಿನು ಎಷ್ಟು ತಣ್ಣಗಿದೆಯೆಂಬುದು ಅದಕ್ಕೆ ತಿಳಿಯುವುದು ತಂಪುನೀರಿನೊಳಗಿರುವ ಬೆರಳಿನ ತುದಿಯಷ್ಟು ಸಣ್ಣ ಸೆನ್ಸರಿನಿಂದ. ಇದಲ್ಲದೆ ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪ್ರಮಾಣವು 2025ರ ಹೊತ್ತಿಗೆ ನೂರಕ್ಕೆ ಇಪ್ಪತ್ತಕ್ಕೆ ಏರಿತು. ಎಥೆನಾಲು ಆವಿಯಾಗಲು ಹೆಚ್ಚು ಶಾಖವನ್ನು ಬೇಡುವುದರಿಂದ, ಹಳೆಯ ಗಾಡಿಯಲ್ಲಿ ಮೊದಲೇ ಇದ್ದ ಸಣ್ಣ ದೋಷವು ಚಳಿಯಲ್ಲಿ ದೊಡ್ಡದಾಗಿ ತೋರಬಹುದು.

ಮಿಸ್ತ್ರಿಯು ಒಡನೆಯೇ ಎಂಜಿನನ್ನು ಚಾಲೂ ಮಾಡಲಿಲ್ಲ. ಮೊದಲು ಬ್ಯಾಟರಿಯನ್ನು ಅಳೆದನು, 12.6 ವೋಲ್ಟು ಇದ್ದಿತು. ತಂಪುನೀರಿನ ಮಟ್ಟವನ್ನು ನೋಡಿದನು, ಕಡಿಮೆಯಾಗಿರಲಿಲ್ಲ. ಆ ನೀರು ರಾತ್ರಿ ಎಂಜಿನಿನೊಳಕ್ಕೆ ಜಿನುಗಿದರೂ ಬೆಳಿಗ್ಗೆ ಇಂತಹ ನಡುಕ ಬರುವುದುಂಟಂತೆ. ಬಳಿಕ ಚಾವಿಯನ್ನು ಅರ್ಧ ತಿರುವಿ ಪಂಪಿನ ಸದ್ದು ನಿಲ್ಲುವವರೆಗೆ ಕಾದು, ಆರಿಸಿ, ಮತ್ತೆ ತಿರುವಿದನು. ರಾತ್ರಿಯೆಲ್ಲ ಪೆಟ್ರೋಲಿನ ಕೊಳವೆಯ ಒತ್ತಡ ಇಳಿದುಹೋಗಿದ್ದರೆ ಹೀಗೆ ಎರಡು ಸಲ ತುಂಬಿಸಿದ ಮೇಲೆ ಗಾಡಿ ಸುಲಭವಾಗಿ ಹತ್ತುತ್ತದೆ ಎಂದನು. ನಿಂತ ಕಾಲುವೆಯ ಮಾತು ನಮಗೆ ನೆನಪಾಯಿತು.

ಅನಂತರ ಡ್ಯಾಶ್‌ಬೋರ್ಡಿನ ಕೆಳಗಿನ ಕಿಂಡಿಗೆ ಸ್ಕ್ಯಾನರನ್ನು ಸಿಕ್ಕಿಸಿದನು. ದೋಷದ ಅಂಕೆ ಒಂದೂ ಇರಲಿಲ್ಲ. ಅಷ್ಟಕ್ಕೆ ಬಿಡದೆ ಉಷ್ಣಮಾನಗಳನ್ನು ಓದಿದನು. ಒಳಗೆ ಹೋಗುವ ಗಾಳಿ 15 ಡಿಗ್ರಿ. ಎಂಜಿನಿನ ನೀರು 43 ಡಿಗ್ರಿ! ರಾತ್ರಿಯೆಲ್ಲ ಅಂಗಳದಲ್ಲಿ ತಣ್ಣಗೆ ನಿಂತ ಗಾಡಿಯಲ್ಲಿ ಈ ಎರಡು ಅಂಕೆಗಳು ಹೆಚ್ಚುಕಡಿಮೆ ಒಂದೇ ಇರಬೇಕಲ್ಲವೆ? ದೀಪ ಹಿಡಿದು ನಿಂತಿದ್ದ ಭಾವನವರು ನಕ್ಕುಬಿಟ್ಟರು. “ಗೇಜು ಸುಳ್ಳು ಹೇಳಾಕತ್ತದ!” ಎಂದರು. ಎಂಜಿನು ಬೆಚ್ಚಗಿದೆಯೆಂದು ನಂಬಿದ ಗಣಕಯಂತ್ರವು ಹೆಚ್ಚಿನ ಪೆಟ್ರೋಲನ್ನು ಕೊಡುತ್ತಿರಲಿಲ್ಲ. ಎಂಜಿನು ನಿಜವಾಗಿ ಕಾದ ಮೇಲೆ ಸುಳ್ಳಿಗೂ ನಿಜಕ್ಕೂ ಅಂತರ ಕಡಿಮೆಯಾಗಿ ನಡುಕ ತಾನೇ ನಿಲ್ಲುತ್ತಿತ್ತು. 43 ಡಿಗ್ರಿ ಎಂಬುದು ಅಸಂಭವವಾದ ಅಂಕೆಯಲ್ಲವಾದುದರಿಂದ ಎಚ್ಚರಿಕೆಯ ದೀಪವೂ ಉರಿಯುತ್ತಿರಲಿಲ್ಲ.

ಆದರೂ ಮಿಸ್ತ್ರಿಯು ಆತುರಪಡಲಿಲ್ಲ. ಎಂಜಿನನ್ನು ಚಾಲೂ ಮಾಡಿದನು. ಕೊಳವೆಯನ್ನು ತುಂಬಿಸಿದ್ದರೂ ಅದು ಮೊದಲಿನಂತೆಯೇ ನಡುಗಿ ನಿಂತಿತು. ಒತ್ತಡದ ಸಂದೇಹ ಅಲ್ಲಿಗೆ ತೀರಿತು. ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿ ಇಟ್ಟನು. ಯಾವುದಾದರೊಂದು ಇಂಜೆಕ್ಟರು ರಾತ್ರಿ ಸೋರಿದ್ದರೆ ಆ ಒಂದು ಪ್ಲಗ್ಗು ಮಾತ್ರ ಒದ್ದೆಯಾಗಿರಬೇಕು. ಒಂದು ಕಾಯಿಲು ಸೋತಿದ್ದರೆ ದೋಷವು ಒಂದೇ ಸಿಲಿಂಡರಿನಲ್ಲಿ ಕಾಣಬೇಕು. ನಾಲ್ಕೂ ಒಂದೇ ತೆರನಾಗಿದ್ದವು. ನಾಲ್ಕಕ್ಕೂ ಒಟ್ಟಿಗೆ ಬಂದ ಕಷ್ಟದ ಮೂಲವು ನಾಲ್ಕಕ್ಕೂ ಸಮಾನವಾದ ಕಡೆಯಲ್ಲಿಯೇ ಇರಬೇಕಷ್ಟೆ. ಗಾಳಿಯ ಕೊಳವೆಗಳನ್ನು ಒಂದೊಂದಾಗಿ ಹಿಸುಕಿ ನೋಡಿದನು; ಒಂದು ರಬ್ಬರು ಬಿರುಸಾಗಿತ್ತು, ಒಡೆದಿರಲಿಲ್ಲ. ಕೊನೆಗೆ ಸೆನ್ಸರಿನ ತಂತಿಯನ್ನು ಕಳಚಿ ಅದರ ವಿದ್ಯುತ್ ತಡೆಯನ್ನು ಅಳೆದನು. ಆ ಜಾತಿಯ ಸೆನ್ಸರು 15 ಡಿಗ್ರಿಯಲ್ಲಿ ಸುಮಾರು 3000 ಓಮು ತೋರಿಸಬೇಕು. ಇದು ಸಾವಿರದ ಆಸುಪಾಸಿನಲ್ಲಿ ನಿಂತಿತು. ತಂತಿಯದಲ್ಲ, ಸೆನ್ಸರಿನದೇ ದೋಷವೆಂಬುದು ಖಚಿತವಾಯಿತು.

ಅದೇ ಭಾಗವನ್ನು ಸಾಧಾರಣ ಗಾಡಿಗಳಿಗೂ ಹಾಕುತ್ತಾರಾದುದರಿಂದ ಕಲಬುರಗಿಯ ಅಂಗಡಿಯಿಂದ ಸಂಜೆಯ ಬಸ್ಸಿಗೆ ಅದು ಬಂದು ಮುಟ್ಟಿತು. ಬೆಲೆ ಕೆಲವು ನೂರು ರೂಪಾಯಿ ಮಾತ್ರ. ಅದನ್ನು ಕೂಡಿಸಿ, ಚೆಲ್ಲಿದ ತಂಪುನೀರನ್ನು ತುಂಬಿ, ಕೊಳವೆಯೊಳಗಿನ ಗಾಳಿಯನ್ನು ತೆಗೆದು, ಮಿಸ್ತ್ರಿಯು ಹೊರಟನು. “ಸರಿ ಆತು ಅಂತ ಈಗ ಹೇಳಂಗಿಲ್ರಿ. ಮುಂಜಾನಿ ಗಾಡೀನೇ ಹೇಳ್ತದ” ಎಂಬುದೇ ಆತನ ಕೊನೆಯ ಮಾತು. ಕೆಲಸ ಮುಗಿದೊಡನೆ ತನ್ನನ್ನು ತಾನು ಹೊಗಳಿಕೊಳ್ಳದ ಕಾರೀಗರನನ್ನು ಕಂಡು ನಮಗೆ ಬಹಳ ಸಂತೋಷವಾಯಿತು.

ಮೂರನೆಯ ಮುಂಜಾವಿನಲ್ಲಿ ಐದು ಗಂಟೆಗೆ ಎದ್ದೆವು. ಚಳಿ ಹಿಂದಿನ ದಿನಕ್ಕಿಂತ ಹೆಚ್ಚಾಗಿತ್ತು. ತಾಯಿಯವರು ಶಾಲು ಹೊದ್ದು ಆಗಲೇ ಜಗಲಿಗೆ ಬಂದಿದ್ದರು. ಚಾವಿ ತಿರುವಿದೆವು. ಎಂಜಿನು ಒಂದೇ ಸಲಕ್ಕೆ ಹತ್ತಿ, ಸ್ವಲ್ಪ ಜೋರಾಗಿ ತಿರುಗಿ, ಮೆಲ್ಲಮೆಲ್ಲನೆ ತಾನೇ ತಗ್ಗಿ ಸಮನಾಯಿತು. ಆಕೆ ಎದ್ದು ನಿಂತು, “ನಡೀರಿ ಹಂಗಾರ” ಎಂದರು. ಅಷ್ಟೇ.

ಜೇವರ್ಗಿಯ ಮಾರ್ಗ ಹಿಡಿದೆವು. ಎರಡೂ ಬದಿಗೆ ಮಾಗಿದ ತೊಗರಿ, ಬಿಡಿಸಲು ಬಾಕಿಯಿದ್ದ ಹತ್ತಿ, ಮಂಜಿನಲ್ಲಿ ಸಾಗುವ ಎತ್ತಿನ ಬಂಡಿಗಳು. ಭೀಮಾನದಿಯ ಸೇತುವೆಯ ಮೇಲೆ ಬರುವಾಗ ಸೂರ್ಯೋದಯವಾಯಿತು. “ಏನು ಕಾಣ್ತದವ್ವಾ?” ಎಂದು ಭಾವನವರು ಕೇಳಿದರು. “ಬೆಳಕು ಕಾಣ್ತದ, ನೀರು ಕಾಣಂಗಿಲ್ಲ” ಎಂದರು. ಎಂಟಕ್ಕೆ ಮೊದಲೇ ಆಸ್ಪತ್ರೆಯನ್ನು ಮುಟ್ಟಿದೆವು. ಶಸ್ತ್ರಚಿಕಿತ್ಸೆಯು ಸುಗಮವಾಗಿ ನೆರವೇರಿತು.

ಹಳೆಯ ಗಾಡಿಯನ್ನಿಟ್ಟುಕೊಂಡ ಗೃಹಸ್ಥರಿಗೆ ನಾವು ಹೇಳುವುದಿಷ್ಟೆ. ಬೆಳಗಿನ ನಡುಕಕ್ಕೆ ಮಧ್ಯಾಹ್ನ ಮದ್ದು ಕೇಳಬೇಡಿರಿ; ರಾತ್ರಿ ಗಾಡಿಯನ್ನು ಮಿಸ್ತ್ರಿಯ ಅಂಗಳದಲ್ಲಿ ಬಿಡಿರಿ, ಇಲ್ಲವೆ ಆತನನ್ನು ಬೆಳಿಗ್ಗೆ ಮನೆಗೆ ಕರೆಯಿರಿ. ನಡುಕ ಎಷ್ಟು ಹೊತ್ತು ಇರುವುದು, ಹೊಗೆ ಯಾವ ಬಣ್ಣ, ಪೆಟ್ರೋಲಿನ ವಾಸನೆ ಬರುವುದೋ ಎಂಬುದನ್ನು ಒಂದು ವಾರ ಬರೆದಿಡಿರಿ. ಅಳೆದು ನೋಡುವುದಕ್ಕೆ ಮೊದಲು ಭಾಗಗಳನ್ನು ಬದಲಿಸಲು ಒಪ್ಪಬೇಡಿರಿ. ಅಳೆಯುವಾಗ ಅಗ್ಗದ ಪರೀಕ್ಷೆಯಿಂದ ಮೊದಲು ಮಾಡಿರಿ. ನಮ್ಮ ಗಾಡಿಯನ್ನು ಮಾರುವ ಮಾತು ಸದ್ಯಕ್ಕೆ ನಿಂತಿದೆ. ಮುಂದಿನ ಎಳ್ಳಮಾವಾಸ್ಯೆಗೆ ಅದರಲ್ಲಿಯೇ ಬರಬೇಕೆಂದು ತಾಯಿಯವರ ಅಪ್ಪಣೆಯಾಗಿದೆ. ಈ ಸಲ ಕಾಣದ ಭೀಮೆಯ ನೀರನ್ನು ಅವರು ಆಗ ಹಗಲಿನಲ್ಲಿ ನಿಂತು ನೋಡಬೇಕಂತೆ.